ಮುತ್ತಯ್ಯನವರ ತಲೆಯೂ ಒಂದು ಮಂಡಲದ ಕರಿಬೇವೂ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ನೋಡತಕ್ಕ ಅದ್ಭುತಗಳು ಮೂರು. ಒಂದು, ಸುರುಳಿಯ ಜಲಪಾತ. ಎರಡು, ಬೆಟ್ಟದ ಮೇಲಿಂದ ಕಬ್ಬಿಣದ ಕೊಳವೆಗಳಲ್ಲಿ ಧುಮುಕಿ ಬಂದು, ಕರೆಂಟನ್ನೂ ಕೊಟ್ಟು, ಗದ್ದೆಗೂ ಹರಿಯುವ ಪೆರಿಯಾರಿನ ನೀರು. ಮೂರನೆಯದು, ಊಟ ಮುಗಿಸಿ ಎದ್ದ ಮೇಲೆ ಮುತ್ತಯ್ಯನವರ ಬಾಳೆಯೆಲೆ. ಮೊದಲ ಎರಡಕ್ಕೆ ತೇನಿಯಿಂದ ಬಸ್ಸುಂಟು, ದಾರಿಯಲ್ಲಿ ಬೋರ್ಡುಂಟು. ಮೂರನೆಯದಕ್ಕೆ ಸರ್ಕಾರ ಇನ್ನೂ ಕಣ್ಣು ತೆರೆದಿಲ್ಲ.

ಲೋಕದ ಜನ ಉಂಡೆದ್ದ ಎಲೆಯ ಅಂಚಿನಲ್ಲಿ ಕರಿಬೇವಿನ ಎಸಳುಗಳು ಸೋತ ಸೈನ್ಯದಂತೆ ಸಾಲಾಗಿ ಮಲಗಿರುತ್ತವೆ. ಮುತ್ತಯ್ಯನವರ ಎಲೆಯಲ್ಲಿ ಮಾತ್ರ ಐವತ್ತೆಂಟು ವರ್ಷಗಳಲ್ಲಿ ಒಂದು ಎಸಳು ಉಳಿದ ದಾಖಲೆಯಿಲ್ಲ. ತಮ್ಮದನ್ನು ಮುಗಿಸುವುದಷ್ಟೇ ಅಲ್ಲ, ಮದುವೆಯ ಪಂಕ್ತಿಯಲ್ಲಿ ಕುಳಿತರೆ ಪಕ್ಕದವನು ಎಲೆಗೆ ಕೈ ಹಾಕುವ ಮೊದಲೇ, "ನೀನು ಇದನ್ನ ಎತ್ತಿ ಬಿಸಾಕೋನೇ ತಾನೆ?" ಎಂದು ಕೇಳಿ, ಅವನ ಪಲ್ಯದ ಮೇಲಿನ ಕರಿಬೇವನ್ನು ಹೆಕ್ಕಿ ತಮ್ಮ ಎಲೆಗೆ ಹಾಕಿಕೊಳ್ಳುತ್ತಿದ್ದರು. ಆ ಕಾರಣಕ್ಕೆ ಅವರ ಎಡಬಲದ ಜಾಗಗಳು ಎಷ್ಟೇ ದೊಡ್ಡ ಮದುವೆಯಲ್ಲೂ ಕೊನೆಗೆ ತುಂಬುತ್ತಿದ್ದವು.

ಹೆಕ್ಕಿದ ಮೇಲೆ ಉಪನ್ಯಾಸ ಉಚಿತ. ಕರಿಬೇವು ಕಣ್ಣಿಗೆ ಒಳ್ಳೆಯದು. ಸಕ್ಕರೆ ಕಾಯಿಲೆಯನ್ನು ಕತ್ತು ಹಿಡಿದು ಆಚೆಗೆ ದಬ್ಬುತ್ತದೆ. ಮಜ್ಜಿಗೆಯಲ್ಲಿ ಅರೆದು ಕುಡಿದರೆ ಹೊಟ್ಟೆ, ಬೆಲ್ಲದೊಂದಿಗೆ ಜಗಿದರೆ ರಕ್ತ, ಹಾಗೆಯೇ ಮೂಸಿದರೆ ತಲೆಸುತ್ತು, ಎಲ್ಲವೂ ಸರಿ. ಎಲ್ಲಕ್ಕಿಂತ ಮುಖ್ಯವಾಗಿ ಕೂದಲು! ಕರಿಬೇವು ತಿನ್ನುವವನ ತಲೆಯಲ್ಲಿ ಕೂದಲು ಮೇಘಮಲೆಯ ಕಾಡಿನ ಹಾಗೆ ಬೆಳೆಯುತ್ತದೆ. ಇಲ್ಲಿಗೆ ಬಂದಾಗ ಕೇಳುವವರೆಲ್ಲ ಮೆಲ್ಲಗೆ ಕತ್ತೆತ್ತಿ ಉಪನ್ಯಾಸಕರ ತಲೆಯನ್ನು ನೋಡುತ್ತಿದ್ದರು. ಅಲ್ಲಿ ಕಾಡಿರಲಿಲ್ಲ. ಎರಡು ಕಿವಿಗಳ ಮೇಲಿಂದ ಹಿಂದಕ್ಕೆ ಹಾದ ಒಂದು ಸಣ್ಣ ಬೇಲಿ ಇತ್ತು. ಬೇಲಿಯೊಳಗೆ ಕಾಯಲು ಏನೂ ಇರಲಿಲ್ಲ.

ಇದರಿಂದ ಮುತ್ತಯ್ಯನವರಿಗಾಗಲಿ ಕರಿಬೇವಿಗಾಗಲಿ ಯಾವ ತೊಂದರೆಯೂ ಆಗುತ್ತಿರಲಿಲ್ಲ, ಆ ವರ್ಷ ಪಟ್ಟದ ಹೋರಿ ಸಾಯದೇ ಇದ್ದಿದ್ದರೆ.

ಮುತ್ತಯ್ಯನವರ ಊರಾದ ಕರುಂಗಾಳಿಪಟ್ಟಿಯ ಕನ್ನಡದ ಮನೆಗಳವರು ಎಷ್ಟೋ ತಲೆಮಾರುಗಳ ಹಿಂದೆ ದನಗಳನ್ನು ಮುಂದೆ ಬಿಟ್ಟುಕೊಂಡು, ಅವು ನಿಂತಲ್ಲಿ ತಾವೂ ನಿಂತು ಊರು ಕಟ್ಟಿದವರು. ಅಂದಿನ ದನಗಳ ಸಂತಾನ ಈಗಲೂ ಊರಾಚೆಯ ದೇವರ ದೊಡ್ಡಿಯಲ್ಲಿದೆ. ಅದನ್ನು ತೊಳು ಎನ್ನುತ್ತಾರೆ. ಆ ದನಗಳ ಹಾಲು ಕರೆಯುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವಂತಿಲ್ಲ, ಕೈಯಿಂದ ತಳ್ಳುವಂತೆಯೂ ಇಲ್ಲ. ಅವುಗಳಿಗೊಂದು ಪಟ್ಟದ ಹೋರಿ. ಅದು ಸತ್ತರೆ ಮುಂದಿನ ಮಾಟ್ಟುಪೊಂಗಲ್ ದಿನ, ಅಂದರೆ ಸಂಕ್ರಾಂತಿಯ ಮರುದಿನದ ದನಗಳ ಹಬ್ಬದಲ್ಲಿ, ಹೊಸದನ್ನು ಆರಿಸಬೇಕು. ಆರಿಸುವವರು ಮನುಷ್ಯರಲ್ಲ. ಒಬ್ಬ ಯಜಮಾನ ಕಬ್ಬಿನ ಜಲ್ಲೆ ಹಿಡಿದು ತೊಳುವಿನ ನಡುವೆ ನಿಲ್ಲುತ್ತಾನೆ, ಹೋರಿಗರುಗಳನ್ನು ಬಿಡುತ್ತಾರೆ, ಯಾವುದು ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಯಾರ ಕೈಯ ಕಬ್ಬು ತಿಂದಿತೋ ಅವರ ಮನೆಗೆ ಪಟ್ಟದ ಹೋರಿಯ ಕಂಚಿನ ಗಂಟೆ. ಹೋರಿ ಬದುಕಿರುವಷ್ಟು ಕಾಲ ಗಂಟೆ ಅವರ ಪಡಸಾಲೆಯಲ್ಲಿ ತೂಗಬೇಕು.

ಆ ಗಂಟೆ ಇಪ್ಪತ್ತೆರಡು ವರ್ಷಗಳಿಂದ ತೂಗುತ್ತಿದ್ದದ್ದು ಮುತ್ತಯ್ಯನವರ ಮನೆಯಲ್ಲಿ. ಅವರ ಅಪ್ಪ ಕಬ್ಬು ಹಿಡಿದು ಗೆದ್ದು ತಂದದ್ದು. ಮುತ್ತಯ್ಯನವರಿಗೆ ಅದು ಅಪ್ಪನೇ. ಬೆಳಗ್ಗೆ ಹುಣಸೆಹಣ್ಣಿನಲ್ಲಿ ಉಜ್ಜಿ, ಕೈಮುಗಿದೇ ತೋಟಕ್ಕೆ ಹೊರಡುತ್ತಿದ್ದರು. ಅವರ ಹೆಂಡತಿ ಗೋವಿಂದಮ್ಮಾಳಿಗೂ ಗಂಟೆಯ ನಿಕಟ ಪರಿಚಯವಿತ್ತು. ಅಡುಗೆಮನೆಯಿಂದ ಪಡಸಾಲೆಗೆ ಬರುವ ಬಾಗಿಲಿಗೆ ಸರಿಯಾಗಿ ಅದನ್ನು ತೂಗುಹಾಕಿದ್ದರಿಂದ, ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಎರಡು ಸಲವಾದರೂ ಆಕೆಯ ತಲೆ ಅದನ್ನು ಬಾರಿಸುತ್ತಿತ್ತು.

ಈಗ ಹೋರಿ ಸತ್ತಿತ್ತು. ಹಿಂದೆ ಗಂಟೆಯಿದ್ದ ಮನೆಯವರಿಗೆ ಕಬ್ಬು ಹಿಡಿಯುವ ಮೊದಲ ಸರದಿ. ಉರುಮಿ ವಾದ್ಯ ಮೂರು ಸುತ್ತು ಬಾರಿಸುವಷ್ಟರಲ್ಲಿ ಯಾವ ಹೋರಿಯೂ ಬಾಯಿ ಹಾಕದಿದ್ದರೆ ಕಬ್ಬು ಎರಡನೆಯವರ ಕೈಗೆ. ಆ ಎರಡನೆಯವರು ಬೇರೆ ಯಾರೂ ಅಲ್ಲ, ಗೋವಿಂದಮ್ಮಾಳಿನ ಒಡಹುಟ್ಟಿದ ತಮ್ಮ ಮೂಕಯ್ಯ. ಹೆಸರಿಗೆ ಮೂಕಯ್ಯ. ಬಾಯಿಯೊಂದು ಬಿಟ್ಟು ಉಳಿದದ್ದೆಲ್ಲ ಆಗಾಗ ವಿಶ್ರಾಂತಿ ಪಡೆಯುತ್ತಿತ್ತು. ತಲೆಯ ತುಂಬ ಕೂದಲು, ಕೂದಲ ತುಂಬ ಕಪ್ಪು ಬಣ್ಣ.

ಕಬ್ಬು ಹಿಡಿಯುವವನು ದೇವರ ದನದ ಮುಂದೆ ತಲೆಗೆ ಏನೂ ಸುತ್ತುವಂತಿಲ್ಲ. ಊರಿನ ಸಭೆಯಲ್ಲಿ ಈ ಮಾತು ಬಂದಾಗ ತೊಂಬತ್ತರ ಚಿನ್ನಮ್ಮಾಳ್ ಅಜ್ಜಿ ಮುತ್ತಯ್ಯನವರ ಅಪ್ಪನನ್ನು ನೆನೆದಳು. ಬರಿದಲೆಯಲ್ಲಿ ನಿಂತಾಗ ಅವನ ಜುಟ್ಟು ಸೊಂಟದವರೆಗೆ ಇಳಿದಿತ್ತಂತೆ, ಹೋರಿ ಅದನ್ನು ನೋಡಿಯೇ ಬಂದಿತಂತೆ. ಸಭೆಯ ಕಣ್ಣುಗಳೆಲ್ಲ ಜುಟ್ಟಿನ ವಾರಸುದಾರನ ಕಡೆ ತಿರುಗಿದವು. ಮೂಕಯ್ಯ ಗಂಟಲು ಸರಿಮಾಡಿಕೊಂಡ.

"ಬಾವಾ, ಬೇಜಾರು ಮಾಡ್ಕೋಬೇಡಿ. ಬೆಳಗ್ಗೆ ಬಿಸಿಲು ನಿಮ್ಮ ತಲೆ ಮೇಲೆ ಬಿದ್ರೆ ಕರುಗೋಳು ಬೆದರಿಕಿಂಡು ಗೂಡಲೂರು ಗಂಟ ಓಡ್ತಾವೆ. ಮೊದಲ್ನೇ ಸರದಿ ನಂಗೇ ಬಿಟ್ಟುಬಿಡಿ. ಅದೇ ದನಗೋಳ ಕಾಲಿಗೆ ಒಳ್ಳೇದು."

ಸಭೆ ನಕ್ಕಿತು. ಮುತ್ತಯ್ಯನವರು ಎದ್ದು ನಿಂತರು. ರಾಜಾಧಿರಾಜರು ಯುದ್ಧ ಘೋಷಿಸುವಾಗಲೂ ಅಷ್ಟು ನಿಧಾನವಾಗಿ ಶಲ್ಯ ಕೊಡವಿರಲಾರರು.

"ಮಾಪ್ಳೆ, ಇವತ್ತಿಂದ ಮಾಟ್ಟುಪೊಂಗಲ್‌ಗೆ ಸರಿಯಾಗಿ ನಲವತ್ತೆಂಟು ದಿನ ಐತೆ. ಒಂದು ಮಂಡಲ. ಕರಿಬೇವು ಒಂದರಲ್ಲೇ ಈ ತಲೆ ಮೇಲೆ ಮುಡಿ ತರ್ತೀನಿ. ಅವತ್ತು ನೀನೇ ಬಂದು ಬಾಚಣಿಗೆ ಓಡಿಸಿ ನೋಡು."

ಮಾತು ಹೊರಬಿತ್ತು. ಹೊರಬಿದ್ದ ಮಾತಿನ ಜತೆ ಗಂಟೆಯೂ ಪಣಕ್ಕೆ ಬಿತ್ತು. ಕೂದಲು ಬರದಿದ್ದರೆ ಮೊದಲ ಸರದಿ ಬಿಟ್ಟುಕೊಡುವಿರಾ ಎಂದು ಯಾರೋ ಕೇಳಿದರು. ಸಿಟ್ಟಿನಲ್ಲಿದ್ದ ಮನುಷ್ಯ, ಒಂದೇ ಒಂದು ಕೂದಲಾದರೂ ಬರದಿದ್ದರೆ ಬಿಟ್ಟೆ ಎಂದುಬಿಟ್ಟರು.

ಚಿಕಿತ್ಸೆ ಮರುದಿನವೇ ಶುರುವಾಯಿತು. ಬೆಳಗ್ಗೆ ಬರಿಹೊಟ್ಟೆಗೆ ಒಂದು ಹಿಡಿ ಕರಿಬೇವು ಜಗಿಯುವುದು, ಮಧ್ಯಾಹ್ನ ಕರಿಬೇವಿನ ಮಜ್ಜಿಗೆ, ರಾತ್ರಿ ಕರಿಬೇವಿನ ಕಷಾಯ, ಇವುಗಳ ನಡುವೆ ತಲೆಗೆ ಅರೆದ ಕರಿಬೇವಿನ ಲೇಪ. ಹಿತ್ತಿಲಲ್ಲಿ ಗೋವಿಂದಮ್ಮಾಳ್ ತವರಿನಿಂದ ತಂದು ನೆಟ್ಟು ಬೆಳೆಸಿದ ಕರಿಬೇವಿನ ಮರವಿತ್ತು. ಹನ್ನೆರಡನೆಯ ದಿನ ಅದರಲ್ಲಿ ಕೊಂಬೆಗಳು ಮಾತ್ರ ಉಳಿದವು. ಒಗ್ಗರಣೆಗೆಂದು ಹಿತ್ತಿಲಿಗೆ ಹೋದ ಗೋವಿಂದಮ್ಮಾಳ್ ಮರದ ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ ಗಂಡನನ್ನೂ ಮರವನ್ನೂ ಬಹಳ ಹೊತ್ತು ನೋಡಿದಳು.

"ಏನುಂಗ, ಮರದಾಗೆ ಎಲೆ ಇಲ್ಲೆ, ನಿಮ್ಮ ತಲೇಲಿ ಮುಡಿ ಇಲ್ಲೆ. ಇಬ್ಬರನ್ನೂ ಪಕ್ಕದಾಗೆ ನಿಲ್ಲಿಸಿ ಒಂದು ಪಟ ತೆಗೀಲಾ?"

ಇನ್ನು ಅಂಗಡಿಯೇ ಗತಿ. ಆದರೆ ಕರಿಬೇವನ್ನು ಕಾಸು ಕೊಟ್ಟು ಕೊಳ್ಳುವುದೆಂದರೆ ಆ ಕಣಿವೆಯಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ತರಕಾರಿ ಕೊಂಡರೆ ಕರಿಬೇವು ಕೊಸರಾಗಿ ಬರಬೇಕು. ಇದು ತರಕಾರಿಯವರಿಗೂ ಗೊತ್ತು, ಮುತ್ತಯ್ಯನವರಿಗೂ ಗೊತ್ತು. ಅವರು ತೇನಿಯ ಮಾರುಕಟ್ಟೆಗೆ ಹೋಗಿ, ಹನ್ನೊಂದು ಅಂಗಡಿಗಳಲ್ಲಿ ಒಂದೊಂದು ಬದನೆಕಾಯಿ ತೂಗಿಸಿ, ಹನ್ನೊಂದು ಕಡೆಯೂ "ಅಮ್ಮಾ, ಎರಡು ಎಸಳು ಕರಿಬೇವು ಹಾಕು" ಎಂದು ಅಂಗಲಾಚಿ, ಗೆದ್ದು ಮನೆಗೆ ಬಂದರು. ಎರಡು ದಿನಕ್ಕೊಮ್ಮೆ ಈ ದಂಡಯಾತ್ರೆ. ಮನೆಯಲ್ಲಿ ಬದನೆಕಾಯಿ ಹುಳಿ, ಬದನೆಕಾಯಿ ಪಲ್ಯ, ಬದನೆಕಾಯಿ ಗೊಜ್ಜು ಸುತ್ತು ಹಾಕತೊಡಗಿದವು. ಯಾವುದಕ್ಕೂ ಕರಿಬೇವು ಮಾತ್ರ ಇರಲಿಲ್ಲ, ಅದು ಯಜಮಾನರ ತಲೆಗೆ ಮೀಸಲು.

ಇಪ್ಪತ್ತನೆಯ ದಿನವೂ ತಲೆ ತನ್ನ ಮೌನ ಮುರಿಯಲಿಲ್ಲ. ಆಗ ಮುತ್ತಯ್ಯನವರೊಳಗಿನ ದ್ರಾಕ್ಷಿ ಬೆಳೆಗಾರ ಎಚ್ಚೆತ್ತ. ಅವರಿಗಿದ್ದದ್ದು ಎರಡು ಎಕರೆ ಪನ್ನೀರು ದ್ರಾಕ್ಷಿಯ ಚಪ್ಪರ. ವರ್ಷ ವರ್ಷವೂ ಅವರು ಮಾಡಿದ್ದೇನು? ಹಳೆಯ ಕೊಂಬೆಗಳನ್ನೆಲ್ಲ ಸವರಿ ಬಳ್ಳಿಯನ್ನು ಬೋಳು ಮಾಡುವುದು, ಬುಡಕ್ಕೆ ಕಡಲೆಕಾಯಿ ಹಿಂಡಿ ಹಾಕುವುದು, ನೀರು ಬಿಡುವುದು. ನೋಡನೋಡುತ್ತ ಒಣಕಡ್ಡಿಯಂತಿದ್ದ ಬಳ್ಳಿಯ ಮೈತುಂಬ ಚಿಗುರು. ಬಳ್ಳಿಗೆ ಆಗುವುದು ತಲೆಗೆ ಏಕಾಗಬಾರದು? ತಪ್ಪು ಕರಿಬೇವಿನದಲ್ಲ, ಬೇಸಾಯದ ಕ್ರಮದ್ದು!

ಅಂದೇ ಸಂಜೆ ಕ್ಷೌರದಂಗಡಿಗೆ ಹೋಗಿ, ಕಿವಿಯ ಮೇಲಿದ್ದ ಆ ಸಣ್ಣ ಬೇಲಿಯನ್ನೂ ಬುಡಸಮೇತ ಸವರಿಸಿಕೊಂಡು ಬಂದರು. ಹೀಗೆ ಕೂದಲು ಬೆಳೆಸುವ ಮಹಾಕಾರ್ಯದ ಇಪ್ಪತ್ತೊಂದನೆಯ ದಿನ ಅವರ ತಲೆಯಲ್ಲಿ, ಮೊದಲ ದಿನ ಇದ್ದ ಕೂದಲೂ ಇರಲಿಲ್ಲ.

ಆಮೇಲೆ ಬುಡಕ್ಕೆ ಹಿಂಡಿ. ತೋಟದ ಮೂಟೆಯಿಂದಲೇ ತಂದರು. ಹಿಂಡಿ ನೆನೆಯಲು ನೀರು ಬೇಕಲ್ಲ, ಅಕ್ಕಿ ತೊಳೆದ ನೀರು ಕೂದಲಿಗೆ ಅಮೃತ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಮೆಂತ್ಯ ತಂಪು, ಅದೂ ಸೇರಿತು. ಎಲ್ಲ ಹಿಡಿದು ನಿಲ್ಲಲು ಬೆಲ್ಲದ ಪಾಕ. ತಲೆಹೊಟ್ಟು ಬಾರದಿರಲೆಂದು ಒಂದು ಹಿಡಿ ಹರಳುಪ್ಪು. ತಲೆಹೊಟ್ಟು ಬರಲು ಮೊದಲು ಕೂದಲು ಬೇಡವೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬಂದುಹೋದ ಪ್ರತಿಯೊಬ್ಬ ಹಿತೈಷಿಗೂ ಒಂದೊಂದು ಸಾಮಾನು ಹೆಚ್ಚುತ್ತ, ಕರಿಬೇವು ಲೇಪದಲ್ಲಿ ಒಗ್ಗರಣೆಯ ಕರಿಬೇವಿನಷ್ಟೇ ಉಳಿಯಿತು.

ಗೋವಿಂದಮ್ಮಾಳ್ ಬೋಗುಣಿಯೊಳಗೆ ಇಣುಕಿ, ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದಳು.

"ಇದನ್ನ ನಮ್ಮಪ್ಪನ ಮನೇಲಿ ತೊಟ್ಟಿಗೆ ಹಾಕ್ತಿದ್ದೋ. ಎರಡು ಹೊತ್ತು. ಹಸ ನಾಲ್ಕು ಪಡಿ ಹಾಲು ಕೊಡೋದು."

"ಆ ಹಸಕ್ಕೆ ಮುಡಿ ಇತ್ತಾ ಇಲ್ಲವಾ, ಅದ ಹೇಳು."

"ಇತ್ತು," ಎಂದಳು ಗೋವಿಂದಮ್ಮಾಳ್. "ಬಾಲದ ತುದೀಲಿ."

ಇಷ್ಟೆಲ್ಲ ಅಪಹಾಸ್ಯದ ನಡುವೆ ಮುತ್ತಯ್ಯನವರಿಗೆ ಒಬ್ಬನೇ ಶಿಷ್ಯನಿದ್ದ. ಅವನು ಶತ್ರುವಿನ ಮಗ. ಮೂಕಯ್ಯನ ಹಿರಿಯ ಮಗ ವಿಘ್ನೇಶ್ವರನ್, ಮೂವತ್ತೆರಡು ವರ್ಷ, ತೇನಿಯಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ. ಅಪ್ಪನ ಕೂದಲು ಮಗನಿಗೆ ಬಂದಿರಲಿಲ್ಲ. ಹಣೆ ವರ್ಷಕ್ಕೊಂದು ಬೆರಳಿನಷ್ಟು ಹಿಂದಕ್ಕೆ ಸರಿಯುತ್ತಿತ್ತು. ನಿಲಕ್ಕೋಟ್ಟೈಯಿಂದ ಹೂವಿನ ಬೆಳೆಗಾರರೊಬ್ಬರು ಹೆಣ್ಣು ಕೊಡಲೆಂದು ಬಂದವರು, ಹುಡುಗನ ಕೆಲಸ ಮೆಚ್ಚಿ, ಕಾಫಿ ಕುಡಿದು, ಅವನು ಲೋಟ ಎತ್ತಿಕೊಳ್ಳಲು ಬಾಗಿದಾಗ ನಡುನೆತ್ತಿ ಕಂಡು, ಜಾತಕ ಇನ್ನೊಮ್ಮೆ ನೋಡುತ್ತೇವೆಂದು ಹೋದವರು ಈಗಲೂ ನೋಡುತ್ತಿದ್ದಾರೆ. ಅಂಥವು ಮೂರಾಗಿದ್ದವು. ಆದ್ದರಿಂದ ಅವನು ಅಪ್ಪನಿಗೆ ತಿಳಿಯದಂತೆ ವಾರವಾರವೂ ಮಾಮನ ಹಿತ್ತಿಲಿಗೆ ಬಂದು ಮೊಬೈಲಿನಲ್ಲಿ ತಲೆಯ ಫೋಟೋ ತೆಗೆದು, ದೊಡ್ಡದು ಮಾಡಿ, ಗದ್ದೆ ಸರ್ವೆ ಮಾಡುವವನ ಹಾಗೆ ಅಂಗುಲ ಅಂಗುಲ ನೋಡುತ್ತಿದ್ದ. ಮಾಮನಿಗೆ ಬಂದರೆ ತನಗೂ ಬರುತ್ತದೆ ಎಂಬುದು ಅವನ ಲೆಕ್ಕ.

ನಲವತ್ತೊಂದನೆಯ ದಿನ ಅವನು ಫೋಟೋ ದೊಡ್ಡದು ಮಾಡುತ್ತ ತಟ್ಟನೆ ನಿಂತ. ಬೆರಳು ತೋರಿಸಿದ.

ನಡುನೆತ್ತಿಯಿಂದ ಸ್ವಲ್ಪ ಎಡಕ್ಕೆ, ಒಂದು ಕೂದಲು.

ಅದು ತೆಂಗಿನ ಪೊರಕೆಯ ನಾರೆಂದು ಗೋವಿಂದಮ್ಮಾಳ್ ವಾದಿಸಿದಳು. ತೆಗೆಯಲು ಕೈ ಚಾಚಿದಾಗ ಮುತ್ತಯ್ಯನವರು ಹಾಕಿದ ಕೂಗಿಗೆ ಎದುರುಮನೆಯವರು ಬಂದರು. ಮೆಲ್ಲಗೆ, ಬಹಳ ಮೆಲ್ಲಗೆ, ಎಳೆದು ನೋಡಲಾಯಿತು. ಬೇರುಬಿಟ್ಟಿತ್ತು! ಅಂದು ಮನೆಯಲ್ಲಿ ಪಾಯಸವಾಯಿತು. ಅಂದಿನಿಂದ ಆ ಕೂದಲಿಗೆ ನಡೆದ ಉಪಚಾರ ಮೊದಲ ಮೊಮ್ಮಗುವಿಗೂ ನಡೆದಿರಲಿಲ್ಲ. ದಿನಕ್ಕೆರಡು ಹನಿ ಎಣ್ಣೆ. ಗಾಳಿ ಬೀಸಿದರೆ ಕೈ ಅಡ್ಡ. ಮಲಗುವುದು ಬೋರಲಾಗಿ. ಅದು ಬೆಳೆದು ಕೊಂಚ ಪಡುವಣಕ್ಕೆ, ಕೇರಳದ ಕಡೆ, ವಾಲಿತು. ಬಳ್ಳಿಗೆ ಕೊಡುವ ಹಾಗೆ ಒಂದು ಕಡ್ಡಿಯ ಆಸರೆ ಕೊಡಬಹುದೇ ಎಂಬ ಯೋಚನೆಯೂ ಮುತ್ತಯ್ಯನವರಿಗೆ ಬಂದು ಹೋಯಿತು.

ಪಂದ್ಯದ ಪ್ರಕಾರ ಒಂದೇ ಒಂದು ಕೂದಲು ಸಾಕು. ಸಭೆಯ ನಾಲ್ವರು ಬಂದು, ಕನ್ನಡಕ ಹಾಕಿ, ನೋಡಿ, ಹೌದೆಂದು ಒಪ್ಪಿದರು. ಮೂಕಯ್ಯ ಮಾತ್ರ ಅದನ್ನು ಬಾಚಲು ಬಾಚಣಿಗೆ ತಂದಿರುವುದಾಗಿ ಹೇಳಿ ಜೇಬಿಗೆ ಕೈ ಹಾಕಿದ. ಮೊದಲ ಸರದಿ ಉಳಿಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಮುತ್ತಯ್ಯನವರು ಮುತ್ತಯ್ಯನವರಾಗುತ್ತಿರಲಿಲ್ಲ. ಮಾಟ್ಟುಪೊಂಗಲ್ ದಿನ ಬೆಳಗ್ಗೆ ಎದ್ದು, ಮಂಡಲದ ಕೊನೆಯ ದಿನವಲ್ಲವೇ, ಒಂದು ಕೂದಲು ಎರಡಾದರೂ ಆಗಲಿ ಎಂದು ಉಳಿದಿದ್ದ ಲೇಪವನ್ನೆಲ್ಲ ಬಳಿದು, ಕೂದಲಿಗೆ ಪೆಟ್ಟಾಗದಂತೆ ಸಡಿಲವಾಗಿ ಮುಂಡಾಸು ಸುತ್ತಿದರು. ತೊಳುವಿನ ಪಕ್ಕದ ಕೊಳಾಯಿಯಲ್ಲಿ ತೊಳೆದುಕೊಂಡು ನಿಂತರಾಯಿತು ಎಂಬುದು ಯೋಜನೆ. ಹೋಗಿ ನೋಡಿದರೆ ಕೊಳಾಯಿಯ ಮುಂದೆ ಊರಿನ ಎತ್ತುಗಳೆಲ್ಲ ಮೈ ತೊಳೆಸಿಕೊಳ್ಳಲು ಸಾಲು ನಿಂತಿದ್ದವು. ಗೋವಿಂದಮ್ಮಾಳ್ ಬಕೆಟ್ಟು ಹಿಡಿದು ಎತ್ತುಗಳ ಹಿಂದೆ ಸರದಿಗೆ ನಿಂತಳು. ಆಕೆಯ ಮುಂದೆ ಇನ್ನೂ ನಾಲ್ಕು ಜೋಡಿ ಇರುವಾಗಲೇ ಉರುಮಿ ಮೊಳಗಿತು. ಪೂಜಾರಿ ದೊಡ್ಡಯ್ಯ ಕಬ್ಬನ್ನು ತಂದು ಮುತ್ತಯ್ಯನವರ ಕೈಗಿತ್ತು, ಮುಂಡಾಸು ತೆಗೆಯುವಂತೆ ಸನ್ನೆ ಮಾಡಿದರು.

ತೆಗೆದರು. ಮುಂಡಾಸಿನೊಳಗೇ ಒಣಗಿದ ಲೇಪ ಹಸಿರು ಟೋಪಿಯ ಹಾಗೆ ಕೂತಿತ್ತು. ಕಣ್ಣು ಮಂಜಾದ ಚಿನ್ನಮ್ಮಾಳ್ ಅಜ್ಜಿ, ಪರವಾ ಇಲ್ಲೆ, ಹುಡುಗನಿಗೆ ಮುಡಿ ಬಂದಿದೆ, ಆದರೆ ಪಾಚಿ ಕಟ್ಟಿದೆ ಎಂದಳು.

ತೊಳುವಿನ ಬಾಗಿಲು ತೆರೆಯಿತು. ಎಲ್ಲಕ್ಕಿಂತ ಮೊದಲು ಬಂದದ್ದು ಎರಡು ವರ್ಷದ ಒಂದು ಬಿಳಿ ಹೋರಿ. ಹಣೆಯಲ್ಲಿ ಕಂದು ಮಚ್ಚೆ, ನಡೆಯಲ್ಲಿ ಗಾಂಭೀರ್ಯ. ಅದು ನೇರವಾಗಿ ಮುತ್ತಯ್ಯನವರ ಕಡೆಗೇ ಬಂತು. ಅವರ ಕಣ್ಣಲ್ಲಿ ನೀರು ತುಂಬಿತು. ಅಪ್ಪನ ಗಂಟೆ ಅಪ್ಪನ ಮನೆಯಲ್ಲೇ ಉಳಿಯುತ್ತದೆ. ಹೋರಿ ಕಬ್ಬಿನ ಹತ್ತಿರ ಬಂತು, ಕಬ್ಬನ್ನು ದಾಟಿತು, ಮೂಗು ಅರಳಿಸಿತು, ಕತ್ತು ಎತ್ತಿ ಮುತ್ತಯ್ಯನವರ ನೆತ್ತಿಯ ಮೇಲೆ ನಾಲಿಗೆ ಇಟ್ಟಿತು.

ಹೋರಿಯ ನಾಲಿಗೆ ಎಂದರೆ ಮರಗೆಲಸದವರು ಬಾಗಿಲು ಉಜ್ಜುವ ಕಾಗದ. ಒಂದು ಎಳೆತಕ್ಕೆ ಹಣೆಯಿಂದ ನೆತ್ತಿಯವರೆಗೆ ಒಂದು ದಾರಿಯಾಯಿತು. ಇನ್ನೊಂದು ಎಳೆತಕ್ಕೆ ಅದು ಹೆದ್ದಾರಿಯಾಯಿತು. ಮುತ್ತಯ್ಯನವರು ಅಲುಗಾಡುವಂತಿಲ್ಲ, ದೇವರ ಹೋರಿ. ತಳ್ಳುವಂತಿಲ್ಲ, ಬೈಯುವಂತಿಲ್ಲ, ಓಡಿದರೆ ಗಂಟೆಯೂ ಓಡುತ್ತದೆ. ಕಣ್ಣು ಮುಚ್ಚಿ, ಕಬ್ಬನ್ನು ಎತ್ತಿ ಎತ್ತಿ ಅದರ ಬಾಯಿಗೆ ಸಿಗುವಂತೆ ಹಿಡಿದರು. ಅದು ಕಬ್ಬನ್ನು ನೊಣವನ್ನು ಸರಿಸುವಂತೆ ಮೂತಿಯಿಂದ ಸರಿಸಿತು. ಅಷ್ಟರಲ್ಲಿ ಇನ್ನೂ ಎರಡು ಕರುಗಳು ಬಂದು ಎಡಕಿವಿಯ ಹಿಂದಿನ ಬಾಕಿಯನ್ನು ವಹಿಸಿಕೊಂಡವು. ಉರುಮಿ ಒಂದು ಸುತ್ತು ಮುಗಿಸಿತು. ಎರಡು ಸುತ್ತು ಮುಗಿಸಿತು. ಮೂರನೆಯ ಸುತ್ತು ಮುಗಿದಾಗ ತಲೆ ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತಿತ್ತು, ಕಬ್ಬು ಹಾಗೆಯೇ ಇತ್ತು.

ಆಮೇಲೆ ಗದ್ದಲ. ಮೂರು ಸುತ್ತಾಯಿತು, ಕಬ್ಬು ತನಗೆ ಸೇರಬೇಕು ಎಂದ ಮೂಕಯ್ಯ. ಹೆಂಗಸರ ಗುಂಪು ಬೇರೆಯೇ ಲೋಕದಲ್ಲಿತ್ತು. ದೇವರ ಹೋರಿ ಮನುಷ್ಯನ ತಲೆ ನೆಕ್ಕುವುದನ್ನು ಯಾರಾದರೂ ಕಂಡದ್ದುಂಟೇ? ಯಾರೋ ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ಕಬ್ಬು ತಿಂದರೆ ಹೋರಿಗೆ ಪಟ್ಟ, ತಲೆ ನೆಕ್ಕಿದರೆ ಮುತ್ತಯ್ಯನಿಗೇ ಪಟ್ಟವೇನೋ ಎಂದು ಒಬ್ಬಳು ಅನುಮಾನಿಸಿದಳು. ಇಬ್ಬರು ಬಂದು ಅವರ ಕಾಲಿಗೆ ಬಿದ್ದೂ ಬಿಟ್ಟರು. ಪವಾಡವಾದರೆ ಗಂಟೆಗೆ ಮೋಸವಿಲ್ಲ, ತಲೆಮಾರುಗಳಿಗೂ ಕೈ ತಪ್ಪುವುದಿಲ್ಲ. ಮುತ್ತಯ್ಯನವರು ಮಾಡಬೇಕಾದ್ದು ಒಂದೇ, ಬಾಯಿ ಮುಚ್ಚಿಕೊಂಡು ದೈವಿಕವಾಗಿ ನಗುವುದು. ಐವತ್ತೆಂಟು ವರ್ಷಗಳಲ್ಲಿ ಬಾಯಿ ಮುಚ್ಚಿದರೆ ಲಾಭವಾಗುವ ಸಂದರ್ಭ ಅವರಿಗೆ ಬಂದದ್ದು ಅದೇ ಮೊದಲು.

ಪೂಜಾರಿ ದೊಡ್ಡಯ್ಯ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಮುತ್ತಯ್ಯಾ, ತೊಳುವಿನಾಗೆ ನಿಂತಿದ್ದೀ. ಇಲ್ಲಿ ಪೊಯ್ ಸುಳ್ಳು ಹೇಳಬಾರದು, ನಿಂಗೆ ಗೊತ್ತು. ತಲೆಗೆ ಏನ ಹಚ್ಕೊಂಡು ಬಂದೆ?"

ಮುತ್ತಯ್ಯನವರು ಹೋರಿಯನ್ನು ನೋಡಿದರು. ಅದು ತುಟಿ ಸವರಿಕೊಳ್ಳುತ್ತಿತ್ತು. ಬಕೆಟ್ಟು ಹಿಡಿದು ಕೊನೆಗೂ ನೀರು ತುಂಬಿಸಿಕೊಂಡು ಬಂದಿದ್ದ ಹೆಂಡತಿಯನ್ನು ನೋಡಿದರು. ಆಕೆ ಆಕಾಶ ನೋಡುತ್ತಿದ್ದಳು.

"ಕರಿಬೇವು ಒಂದು ಹಿಡಿ, ಸಾಮಿ," ಎಂದರು. ಕಬ್ಬನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಬಾಕಿ ಪುಣ್ಣಾಕ್ಕು."

ಪುಣ್ಣಾಕ್ಕು ಎಂದರೆ ಹಿಂಡಿಯೇ. ತೊಳುವಿನಲ್ಲಿ ಅದಕ್ಕೆ ಅರ್ಥ ಹೇಳಬೇಕಾದ್ದಿರಲಿಲ್ಲ. ಕಾಲಿಗೆ ಬಿದ್ದಿದ್ದ ಇಬ್ಬರೂ ಎದ್ದು ಮಂಡಿ ಕೊಡವಿಕೊಂಡರು. ನಗು ತೊಳುವಿನ ಗೋಡೆ ದಾಟಿ ರಸ್ತೆಗೆ ಹೋಯಿತು. ಮೇವು ತೋರಿಸಿ ಕರೆದದ್ದು ಲೆಕ್ಕಕ್ಕಿಲ್ಲ, ಸರದಿ ಎರಡನೆಯವರದು ಎಂದು ಪೂಜಾರಿ ತೀರ್ಪು ಕೊಟ್ಟು ಇನ್ನೊಂದು ಜಲ್ಲೆಯನ್ನು ಮೂಕಯ್ಯನಿಗಿತ್ತರು. ಬೇಡವಾದ ಕಬ್ಬನ್ನು ಮುತ್ತಯ್ಯನವರು ಹೆಂಡತಿಯ ಕೈಗೆ ಕೊಟ್ಟು, ಗೋಡೆಯ ಮರೆಗೆ ಹೋಗಿ ತಲೆ ಬಗ್ಗಿಸಿ ಕುಳಿತರು. ಆಕೆ ಕಬ್ಬನ್ನು ಕಂಕುಳಲ್ಲಿ ಇರುಕಿಕೊಂಡು, ಚೆಂಬಿನಲ್ಲಿ ನೀರು ಹೊಯ್ದು ಗಂಡನ ತಲೆ ತೊಳೆಯತೊಡಗಿದಳು.

ಅತ್ತ ಮೂಕಯ್ಯ ಕಪ್ಪು ಕೂದಲನ್ನು ಬಿಸಿಲಿಗೆ ಒಡ್ಡಿ, ಅಪ್ಪಟ ಯಜಮಾನನಾಗಿ ನಿಂತ. ಉರುಮಿ ಮತ್ತೆ ಶುರುವಾಯಿತು. ಹೊಟ್ಟೆತುಂಬ ಹಿಂಡಿ, ಬೆಲ್ಲ ತಿಂದ ಹೋರಿ ಅವನನ್ನು ನೋಡಿತು, ಕಬ್ಬನ್ನು ನೋಡಿತು, ದೀರ್ಘವಾಗಿ ತೇಗಿತು. ಮೂಕಯ್ಯ ಕಬ್ಬನ್ನು ಮೂಗಿನ ಹತ್ತಿರ ತಂದ. ಅದು ಮುಖ ತಿರುಗಿಸಿತು. ಸುತ್ತಿಬಂದು ಆ ಕಡೆಯಿಂದ ಹಿಡಿದ. ಈ ಕಡೆಗೆ ತಿರುಗಿತು. ಎರಡು ಸುತ್ತು ಉರುಮಿಯಲ್ಲಿ ಅವನು ಹೋರಿಯ ಸುತ್ತ ಅಷ್ಟೇ ಸುತ್ತು ಹಾಕಿದ. ಬೆವರಿಗೆ ಕೂದಲ ಬಣ್ಣ ಕಿವಿಯ ಪಕ್ಕದಲ್ಲಿ ಇಳಿಯತೊಡಗಿತು.

ಅಷ್ಟರಲ್ಲಿ ಹರಳುಪ್ಪು ತನ್ನ ಕೆಲಸ ಮಾಡಿತು. ಹೋರಿಗೆ ಬಾಯಾರಿಕೆ. ಅದು ಗಾಳಿ ಮೂಸಿ, ಮೂಕಯ್ಯನನ್ನು ಅಲ್ಲೇ ಬಿಟ್ಟು, ಗೋಡೆಯ ಮರೆಗೆ ನಡೆದು, ಗೋವಿಂದಮ್ಮಾಳಿನ ಬಕೆಟ್ಟಿಗೆ ಮೂತಿ ಇಳಿಸಿ ಒಂದೇ ಉಸಿರಿಗೆ ಅರ್ಧ ಬಕೆಟ್ಟು ಕುಡಿಯಿತು. ತಲೆ ಎತ್ತಿತು. ಎದುರಿಗೇ ಆಕೆಯ ಕಂಕುಳಿಂದ ಕಬ್ಬಿನ ತುದಿ ಚಾಚಿತ್ತು. ಕರಕ್ಕನೆ ಕಚ್ಚಿ ಜಗಿಯತೊಡಗಿತು. ಉರುಮಿಯವನು ಮೂರನೆಯ ಸುತ್ತನ್ನು ನಡುವೆಯೇ ನಿಲ್ಲಿಸಿದ.

ಹೆಂಗಸಿನ ಕೈಯ ಕಬ್ಬು ಆಗುತ್ತದೆಯೇ ಎಂದು ಯಾರೋ ಎತ್ತಿದರು. ಆಗುವುದಿಲ್ಲವೆಂದು ಹೋರಿಗೆ ಯಾರು ಹೇಳಿದ್ದರು ಎಂದು ಚಿನ್ನಮ್ಮಾಳ್ ಅಜ್ಜಿ ಕೇಳಿದಳು. ಆಗ ಮೂಕಯ್ಯ ಹೊಸದೊಂದು ದಾರಿ ಹಿಡಿದ. ಗೋವಿಂದಮ್ಮಾಳ್ ಹುಟ್ಟಿದ್ದು ತಮ್ಮ ಮನೆಯಲ್ಲಿ, ಆದ್ದರಿಂದ ಗಂಟೆ ತವರಿಗೆ. ಮುತ್ತಯ್ಯನವರು ಒದ್ದೆ ತಲೆಯಿಂದಲೇ ಎದ್ದು, ಬಾಳುತ್ತಿರುವುದು ತಮ್ಮ ಮನೆಯಲ್ಲಿ ಎಂದರು. ಪೂಜಾರಿಗೆ ಸಾಕಾಗಿತ್ತು. ಗಂಟೆ ಕಬ್ಬು ಹಿಡಿದವರ ಮನೆಗೆ, ಆಯಮ್ಮನೇ ಹೇಳಲಿ ಎಲ್ಲಿ ಕಟ್ಟಬೇಕೆಂದು, ಎಂದುಬಿಟ್ಟರು.

ಗಂಡ, ತಮ್ಮ ಇಬ್ಬರೂ ಆಕೆಯ ಮುಖ ನೋಡಿದರು. ಗೋವಿಂದಮ್ಮಾಳ್ ಚೆಂಬನ್ನು ಕೆಳಗಿಟ್ಟಳು.

"ಇರೋ ಜಾಗದಲ್ಲೇ ಇರಲಿ, ಸಾಮಿ," ಎಂದಳು. "ಒಂದು ಮೊಳ ಮೇಲೆ ಕಟ್ಟೋಕೆ ಹೇಳಿ."

ಗಂಟೆ ಉಳಿಯಿತು. ಉಳಿಸಿದ್ದು ಅಪ್ಪನ ಜುಟ್ಟಲ್ಲ, ಮಗನ ಮಂಡಲವಲ್ಲ, ಎತ್ತುಗಳ ಹಿಂದೆ ಸರದಿ ನಿಂತು ತಂದ ಒಂದು ಬಕೆಟ್ಟು ನೀರು. ಜನ ಹೋರಿಗೆ ಅರಿಸಿನ ಹಚ್ಚಲು ಆ ಕಡೆ ನುಗ್ಗಿದರು. ಮುತ್ತಯ್ಯನವರು ಒಬ್ಬರೇ ಮುಂಡಾಸಿನ ಬಟ್ಟೆಯಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತರು. ಒರೆಸುತ್ತ ಒರೆಸುತ್ತ ಬೆರಳು ನಡುನೆತ್ತಿಯಿಂದ ಸ್ವಲ್ಪ ಎಡಕ್ಕೆ ಹೋಯಿತು. ಅಲ್ಲೇ ನಿಂತಿತು. ಅತ್ತಿತ್ತ ಹುಡುಕಿತು.

ವಿಘ್ನೇಶ್ವರನ್ ಗುಂಪಿನಿಂದ ಜಾರಿ ಬಂದು ಪಕ್ಕದಲ್ಲಿ ನಿಂತ. ಗಂಟೆ, ಪಟ್ಟ, ಹೋರಿ ಯಾವುದೂ ಅವನಿಗೆ ಬೇಕಿರಲಿಲ್ಲ. ಬರುವ ತಿಂಗಳು ಇನ್ನೊಂದು ಹೆಣ್ಣಿನ ಕಡೆಯವರು ಬರುವವರಿದ್ದರು. ಅವನ ಕೈಯಲ್ಲಿ ಒಂದು ಕಟ್ಟು ಕರಿಬೇವಿತ್ತು.

"ಮಾಮಾ, ಉಣ್ಮೆ ಹೇಳಿ, ನಿಜ ಹೇಳಿ. ನಾಳೆಯಿಂದ ನಾನೂ ಶುರು ಮಾಡ್ಲಾ? ಕರಿಬೇವಿಗೆ ಮುಡಿ ಬರ್ತದಾ?"

ಮುತ್ತಯ್ಯನವರು ಬೆರಳನ್ನು ನೆತ್ತಿಯಿಂದ ಕೆಳಗಿಳಿಸಿದರು.

"ಒಂದು ಬಂದಿತ್ತು," ಎಂದರು. "ಹೋರಿ ತಿಂತು."